ನಗಬಾರದ ಎಂಟು ದಿನ

ನನಗೆ ಚಿಕ್ಕಂದಿನಿಂದಲೂ ನಗುವಿನ ಕಾಯಿಲೆ. ನಗಬಾರದ ಕಡೆಯೇ ಅದು ಬರುವುದು, ಬಂದರೆ ನಿಲ್ಲದಿರುವುದು. ಅರಕಲಗೂಡಿನ ನಮ್ಮ ಮನೆಯಲ್ಲಿ ಧಾರೆಯ ಹೊತ್ತಿಗೆ ಪುರೋಹಿತರ ಜುಟ್ಟಿನ ಮೇಲೆ ಒಂದು ಜೀರುಂಡೆ ಬಂದು ಕೂತಿತು. ಅಷ್ಟಕ್ಕೇ ನಾನು ಹಸೆಮಣೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಗಂಡಿನ ಕಡೆಯವರು, ಹುಡುಗಿಗೆ ತಲೆ ನೆಟ್ಟಗಿಲ್ಲವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅತ್ತೆ ಮಾತ್ರ, ಅಳುವ ಸೊಸೆಗಿಂತ ನಗುವ ಸೊಸೆ ವಾಸಿ ಎಂದು ಹೇಳಿ ಮಾತು ಮುಗಿಸಿದರಂತೆ. ಹಾಗೆ ನಾನು ಚನ್ನರಾಯಪಟ್ಟಣ ಸೇರಿದೆ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬಸದಿಗೆ ಹೋಗಿ ಬರದೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ. ನಮ್ಮ ಜೈನ ಹೆಂಗಸರು ನೋಂಪಿ ಎಂದು ವ್ರತ ಹಿಡಿಯುತ್ತಾರೆ. ಅಂಥದೊಂದನ್ನು ಹನ್ನೆರಡು ವರ್ಷ ತಪ್ಪದೆ ನಡೆಸಿದ್ದರು. ನೋಂಪಿ ಮುಗಿದರೆ ಉದ್ಯಾಪನೆ ಮಾಡಬೇಕು. ಬಸದಿಗೆ ಬಿಂಬವನ್ನೋ ಬೆಳ್ಳಿ ಪಾತ್ರೆಯನ್ನೋ ಕೊಟ್ಟು, ನಂಟರಿಷ್ಟರಿಗೆಲ್ಲ ಊಟ ಹಾಕಬೇಕು. ಬಾಗೂರಿನ ನಂಟರು ಆಗಲೇ ಹೊಸ ಸೀರೆ ತೆಗೆದಿಟ್ಟುಕೊಂಡಿದ್ದರು. ಯುದ್ಧದ ಕಾಲ, ಹೊಸ ಸೀರೆ ಸಿಗುವುದೇ ಹೆಚ್ಚು. ನನಗಾಗ ಇಪ್ಪತ್ತೆರಡು.

ಉದ್ಯಾಪನೆಗೆ ಮೊದಲು ಬೆಳಗೊಳದ ಬೆಟ್ಟ ಹತ್ತಿ ಬರೋಣವೆಂದು ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ನಮ್ಮ ಮುಂದೆ ಒಬ್ಬ ಮುದುಕಿ, ಯಾವುದೋ ಹಳ್ಳಿಯ ಒಕ್ಕಲಗಿತ್ತಿ, ಎರಡೂ ಕೈ ಊರಿಕೊಂಡು ಮೆಟ್ಟಿಲು ಮೆಟ್ಟಿಲನ್ನೇ ತಡವುತ್ತ ಹತ್ತುತ್ತಿದ್ದಳು. ಕಣ್ಣು ಎರಡೂ ಹಾಲು ಹಾಕಿದ ಹಾಗೆ ಬೆಳ್ಳಗಿದ್ದವು. ಜೊತೆಗೆ ಬಂದವರು ಮುಂದೆ ಹೋಗಿಬಿಟ್ಟಿದ್ದರೋ, ಯಾರೂ ಬಂದೇ ಇರಲಿಲ್ಲವೋ. ಅತ್ತೆ ಅವಳ ತೋಳು ಹಿಡಿದುಕೊಂಡರು. ಮೇಲೆ ಸ್ವಾಮಿಯ ಎದುರಿಗೆ ನಿಲ್ಲಿಸಿದಾಗ ಅವಳು ಕೈಮುಗಿದು, ಮೆಲ್ಲಗೆ ಕೇಳಿದಳು.

"ಮಕ ಯಾವ ಕಡೀಕೈತವ್ವ?"

ಅತ್ತೆ ಅವಳ ಎರಡೂ ಭುಜ ಹಿಡಿದು ಸ್ವಲ್ಪ ತಿರುಗಿಸಿದರು. ಆಮೇಲೆ ಗದ್ದದ ಕೆಳಗೆ ಬೆರಳಿಟ್ಟು ಮುಖವನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿದರು. ಆ ಮುದುಕಿ ಹಾಗೇ ಕತ್ತೆತ್ತಿಕೊಂಡು ಬಹಳ ಹೊತ್ತು ನಿಂತಳು. ನಾನು ನಗಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಇಳಿಯುವಾಗಲೂ ಅತ್ತೆ ಅವಳ ತೋಳು ಬಿಡಲಿಲ್ಲ. ಗಾಡಿ ಊರು ಮುಟ್ಟುವಷ್ಟರಲ್ಲಿ, ಕಣ್ಣಿನ ಪೊರೆ ತೆಗೆಯುತ್ತಾರಂತಲ್ಲ, ಅದನ್ನು ಮಾಡುವವರು ಎಲ್ಲಿದ್ದಾರೆ ಎಂದು ಕೇಳಿದರು. ಮೈಸೂರಿನ ಕಡೆ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದ ಕಣ್ಣಿನ ಡಾಕ್ಟರೊಬ್ಬರು ಹಾಸನಕ್ಕೆ ಬಂದು ನೆಲೆಸಿದ್ದಾರೆಂದು ನಾನು ಕೇಳಿದ್ದೆ. ಮರುದಿನ ಅತ್ತೆ ಹೇಳಿದಂತೆ ಅವರಿಗೆ ಕಾಗದ ಬರೆದೆ. ನಮ್ಮೂರಿಗೆ ಬಂದು ಬಡವರ ಕಣ್ಣಿನ ಪೊರೆ ತೆಗೆದುಕೊಡಬೇಕು, ಜಾಗ, ಊಟ, ಔಷಧ ಎಲ್ಲ ನಮ್ಮದು ಎಂದು.

ಬಸದಿಯ ಪುರೋಹಿತರಿಗೆ ಸುದ್ದಿ ಮುಟ್ಟಿ ಅವರು ಮನೆಗೇ ಬಂದರು. ಉದ್ಯಾಪನೆಗೆ ಒಂದು ಕ್ರಮವಿದೆ, ಬೇಕಾದರೆ ಅದನ್ನು ಮುಗಿಸಿ ಆಮೇಲೆ ಇದನ್ನು ಮಾಡಿ ಎಂದರು. ಎರಡಕ್ಕೂ ಆಗುವಷ್ಟು ನಮ್ಮಲ್ಲಿರಲಿಲ್ಲ. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಉತ್ತರ ಕೊಟ್ಟರು.

"ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಅಂತ ನಾಲ್ಕು ದಾನ ಹೇಳಿಕೊಟ್ಟೋರು ನೀವೇ ಅಲ್ವಾ? ನಮ್ಮೂರಲ್ಲಿ ಮೂರನೇದನ್ನ, ಔಷಧದ ದಾನಾನ, ಯಾರೂ ಮಾಡಿದ್ದು ನಾನು ಕಾಣೆ. ಅದೊಂದು ಬಾಕಿ ಇದೆ, ನಾನು ಮಾಡ್ತೀನಿ."

ಪುರೋಹಿತರು ಮಜ್ಜಿಗೆ ಕುಡಿದು ಹೋದರು. ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರು ಬಸ್ಸಿನಲ್ಲಿ ಬಂದು ಊರಾಚೆಯ ಛತ್ರವನ್ನು ನೋಡಿ ಒಪ್ಪಿದರು. ಕಡ್ಡಿಯಂಥ ಮನುಷ್ಯ, ಮಾತು ಬಹಳ ಒರಟು. ಶಸ್ತ್ರ ಮಾಡುವುದು ದೊಡ್ಡದಲ್ಲ, ಆಮೇಲೆ ಕಾಯುವುದು ದೊಡ್ಡದು ಎಂದರು. ಕಣ್ಣಿಗೆ ಹೊಲಿಗೆ ಹಾಕುವ ಹಾಗಿಲ್ಲ, ಗಾಯ ತಾನೇ ಕೂಡಿಕೊಳ್ಳಬೇಕು. ಎಂಟು ದಿನ ಅಂಗಾತ ಮಲಗಿರಬೇಕು, ತಲೆ ಅಲುಗಿಸಬಾರದು. ಕೆಮ್ಮಬಾರದು, ಸೀನಬಾರದು, ಅಳಬಾರದು, ಅದಕ್ಕಿಂತ ಮುಖ್ಯವಾಗಿ ನಗಬಾರದು. ಇಷ್ಟನ್ನೂ ನೋಡಿಕೊಳ್ಳಲು ಹಗಲೆಲ್ಲ ಯಾರಿರುತ್ತೀರಿ ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿದರು. ನನಗೆ ತಡೆಯಲಾಗಲಿಲ್ಲ, ಕಿಸಕ್ಕೆಂದು ನಕ್ಕೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

ಆಮೇಲಿನ ಹದಿನೈದು ದಿನ ಮನೆಯೆಲ್ಲ ಕಾರ್ಖಾನೆಯಾಯಿತು. ಗಾಯಕ್ಕೆ ಕಟ್ಟುವ ಬಟ್ಟೆ ಪೇಟೆಯಲ್ಲಿ ಸಿಗುವ ಕಾಲವಲ್ಲ. ನನ್ನ ಗಂಡನ ಹಳೆಯ ಪಂಚೆಗಳನ್ನೆಲ್ಲ ಕುದಿಸಿ, ಒಣಗಿಸಿ, ಸೀಳಿ ಸುತ್ತಿಟ್ಟೆವು. ಕೊನೆಗೆ ಅವರಿಗೆ ಉಟ್ಟದ್ದು ಒಂದು, ಒಗೆದದ್ದು ಒಂದು ಉಳಿಯಿತು. ತಲೆಯ ಆಚೆ ಈಚೆ ಇಡಲು ಮರಳಿನ ಚೀಲ ಬೇಕೆಂದಿದ್ದರು. ಹೊಳೆನರಸೀಪುರದಿಂದ ಹೇಮಾವತಿಯ ಮರಳು ಗಾಡಿಯಲ್ಲಿ ಬಂತು. ಅತ್ತೆ ಅದನ್ನು ಮೂರು ಸಲ ಜರಡಿ ಹಿಡಿದರು. ಮರಳಿನೊಳಗಿರುವ ಹುಳುಹುಪ್ಪಟೆ ಚೀಲದಲ್ಲಿ ಸಿಕ್ಕಿ ಸತ್ತರೆ ಆ ಪಾಪ ಕಣ್ಣಿಗೆ ತಟ್ಟೀತೆಂದು ಅವರ ಭಯ. ಸಿಕ್ಕ ಹುಳುಗಳನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಕೆರೆಯ ಏರಿಯ ಪಕ್ಕದಲ್ಲಿ ಬಿಟ್ಟು ಬಂದೆ. ಹಾಗೆ ಎಷ್ಟು ಸಲ ಹೋದೆನೋ.

ಒಟ್ಟು ಹತ್ತೊಂಬತ್ತು ಜನ ಆಯ್ಕೆಯಾದರು. ಡಾಕ್ಟರ ಜೊತೆಗೆ ಹಾಸನದಿಂದ ಒಬ್ಬ ಕ್ರೈಸ್ತ ನರ್ಸಮ್ಮ ಬಂದಿದ್ದರು, ನನಗಿಂತ ಐದಾರು ವರ್ಷ ದೊಡ್ಡವರು. ಪ್ರತಿಯೊಬ್ಬರನ್ನು ಮೇಜಿನ ಮೇಲೆ ಮಲಗಿಸಿದಾಗಲೂ ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುವರು. ಬಾಗಿಲ ಹೊರಗೆ ಅತ್ತೆ ಪಂಚನಮಸ್ಕಾರ ಹೇಳುವರು. ಮೇಜಿನ ಮೇಲಿದ್ದವರು ಅವರವರ ಮನೆದೇವರನ್ನು ಕರೆಯುವರು. ಡಾಕ್ಟರು ಮಾತ್ರ, ಎಲ್ಲರೂ ನಿಮ್ಮ ನಿಮ್ಮ ದೇವರಿಗೆ ಬೇಗ ಹೇಳಿ ಮುಗಿಸಿ, ಮರಗಟ್ಟಿಸುವ ಔಷಧ ಇಳಿದುಹೋಗುತ್ತೆ ಎಂದು ಗದರುವರು. ಎರಡು ದಿನದಲ್ಲಿ ಹತ್ತೊಂಬತ್ತು ಜನರ ಕಣ್ಣೂ ಮುಗಿಯಿತು. ಶಸ್ತ್ರವಾಗಿದ್ದು ಒಂದೇ ಕಣ್ಣಿಗಾದರೂ ಎರಡಕ್ಕೂ ಕಟ್ಟು.

ಶಸ್ತ್ರವಾದ ಸರದಿಯಲ್ಲೇ ಸಾಲಾಗಿ ಚಾಪೆಯ ಮೇಲೆ ಮಲಗಿಸಿದರು. ಜಾತಿಯ ಸಾಲು ಅಲ್ಲ. ಕಣ್ಣು ಕಟ್ಟಿದ್ದರಿಂದ ಪಕ್ಕದವರು ಯಾರೆಂದು ಯಾರಿಗೂ ಕಾಣುತ್ತಿರಲಿಲ್ಲ. ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, ನನ್ನ ಬಲಗಡೆ ಯಾರು ಮಲಗಿದ್ದಾರೆ ಎಂದು ಕೇಳಿದರು. ಒಬ್ಬ ಮನುಷ್ಯರು ಸಾರ್ ಎಂದು ನರ್ಸಮ್ಮ ಹೇಳಿದರು. ಬಲಗಡೆ ಮಲಗಿದ್ದವನು ನೇಯ್ಗೆಯ ಮುದುಕ, ಹೊಳೆನರಸೀಪುರದ ದಾರಿಯ ಒಂದು ಹಳ್ಳಿಯಲ್ಲಿ ಊರಾಚೆಯ ಕೇರಿಯವನು. 

ಡಾಕ್ಟರು ಒಂದು ರಟ್ಟಿನ ಮೇಲೆ "ಇಲ್ಲಿ ಯಾರೂ ನಗಕೂಡದು" ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಾಕು ಎಂದರು. ಬರೆದು ಹಾಕಿದೆ. ಅದನ್ನು ತೂಗುಹಾಕಿ ಹಿಂದೆ ಸರಿದು ನೋಡಿದಾಗ, ಇದನ್ನು ಓದಬೇಕಾದವರು ಹತ್ತೊಂಬತ್ತು ಜನ, ಹತ್ತೊಂಬತ್ತು ಜನರ ಕಣ್ಣಿಗೂ ಕಟ್ಟು ಎಂದು ಹೊಳೆಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಅಲ್ಲಿ ಒಂದು ಹೊಂಗೆಮರವಿತ್ತು. ಅದನ್ನು ತಬ್ಬಿಕೊಂಡು ಸಾಕಾಗುವಷ್ಟು ನಕ್ಕು ಬಂದೆ. ಆ ಎಂಟು ದಿನವೂ ಆ ಮರವೇ ನನ್ನನ್ನು ಕಾಪಾಡಿತು.

ಏಕೆಂದರೆ ನನ್ನ ಪಾಲಿಗೆ ಒಬ್ಬ ಅಜ್ಜಿ ಬಂದಿದ್ದಳು. ಅರಕಲಗೂಡಿನ ಪಕ್ಕದ ಹಳ್ಳಿಯ ಒಕ್ಕಲಿಗರ ಅಜ್ಜಿ, ಬೆಟ್ಟದಲ್ಲಿ ಕಂಡ ಮುದುಕಿಯಲ್ಲ; ಅವಳ ಊರು ಯಾವುದೆಂದೂ ನಮಗೆ ತಿಳಿದಿರಲಿಲ್ಲ. ಮುಖದ ಒಂದು ಗೆರೆಯೂ ಅಲುಗದಂತೆ ಮಾತಾಡುವಳು. ತನ್ನ ಮಾತಿಗೆ ತಾನು ಎಂದೂ ನಗುವವಳಲ್ಲ. ಮೊದಲ ದಿನವೇ ಶುರುಮಾಡಿದಳು.

"ಬಾಣಂತೀಲೂ ನನ್ನ ಯಾರೂ ಇಂಗೆ ಮಲಗ್ಸಿರ್ನಿಲ್ಲ ಕಣವ್ವ. ಎಂಟ್ ಎತ್ತಿವ್ನಿ. ಮೂರ್ನೇ ದಿನಕ್ಕೆ ಕಳೆ ಕೀಳಾಕ್ ಓಗಿವ್ನಿ. ಈಗ ನೋಡು, ಏನೂ ಎರ್ದೆ ಎಂಟ್ ದಿನ ಬಾಣಂತನ."

ನಾನು ಓಡಿದೆ. ತಿರುಗಿ ಬರುವಷ್ಟರಲ್ಲಿ ಅವಳು ನರ್ಸಮ್ಮನನ್ನು ಕೇಳುತ್ತಿದ್ದಳು.

"ಗಳಿಗೆಗೊಂದ್ಸಲ ಓಡೋಯ್ತಾಳಲ್ಲ, ಯಾರವ್ವ ಅವ್ಳು? ಒಟ್ಟೆ ಕೆಟ್ಟೈತಾ?"

ಈ ಸಲ ನರ್ಸಮ್ಮನೂ ನನ್ನ ಹಿಂದೆಯೇ ಹಿತ್ತಲಿಗೆ ಬಂದರು. ಬೈಯಲು ಬಂದರೆಂದುಕೊಂಡೆ. ಅವರು ಹೊಂಗೆಮರದ ಇನ್ನೊಂದು ಪಕ್ಕಕ್ಕೆ ಹಣೆ ಒತ್ತಿಕೊಂಡು ನಿಂತರು. ಬಿಳಿ ಸೀರೆಯ ಭುಜಗಳು ಅಲುಗುತ್ತಿದ್ದವು. ಅಂದಿನಿಂದ ನಾವಿಬ್ಬರೂ ಗೆಳತಿಯರಾದೆವು. ಪಾಳಿ ಹಾಕಿಕೊಂಡೆವು. ಒಬ್ಬರು ಮರದ ಹತ್ತಿರ ಹೋದರೆ ಇನ್ನೊಬ್ಬರು ಒಳಗಿರಬೇಕು.

ಅಗಿದು ತಿನ್ನುವುದನ್ನು ಏನೂ ಕೊಡಕೂಡದೆಂದು ಡಾಕ್ಟರು ಹೇಳಿದ್ದರು. ದವಡೆ ಆಡಿದರೆ ಕಣ್ಣು ಆಡುತ್ತದೆ. ಅತ್ತೆ ಎರಡು ದಿನ ಎಲ್ಲರಿಗೂ ಗಂಜಿ ಕುಡಿಸಿದರು. ಮೂರನೆಯ ದಿನ ಅಜ್ಜಿ ಡಾಕ್ಟರ ಕೈಯನ್ನೇ ಹಿಡಿದುಕೊಂಡು, ಮುದ್ದೆಯನ್ನು ಅಗಿಯುವವರುಂಟೇ, ಅದನ್ನು ನುಂಗುವುದಲ್ಲವೇ ಎಂದು ನ್ಯಾಯ ಕೇಳಿದಳು. ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿದರು. ಇಷ್ಟು ವರ್ಷದಲ್ಲಿ ಈ ವಿಷಯ ತನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡು, ತೆಳ್ಳಗೆ ತಿರುವಿದ ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟೇ ಸಾರಿನಲ್ಲಿ ಅದ್ದಿ ಕೊಡಬಹುದೆಂದರು. ತಲೆದಿಂಬು ಒಂದು ಬೆರಳಷ್ಟು ಏರಿಸಿ, ನಾನೂ ಅತ್ತೆಯೂ ಸಾಲಿನ ಎರಡು ತುದಿಯಿಂದ ತಿನ್ನಿಸುತ್ತ ಬಂದೆವು. ಹಕ್ಕಿಮರಿಗಳ ಹಾಗೆ ಹತ್ತೊಂಬತ್ತು ಬಾಯಿ ತೆರೆದುಕೊಂಡಿದ್ದವು. ಅಂದು ಅತ್ತೆಯ ಮುಖ ನೋಡಬೇಕಿತ್ತು. ಬಸದಿಯಲ್ಲಿ ಅಭಿಷೇಕ ನೋಡುವಾಗಲೂ ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಸಾರಿಗೆ ಬೆಳ್ಳುಳ್ಳಿ ಹಾಕುವುದಿಲ್ಲವೆಂದು ಅಜ್ಜಿ ಗೊಣಗಿದಳು. ಅದಕ್ಕೆ ಮಾತ್ರ ಅತ್ತೆ ಬಗ್ಗಲಿಲ್ಲ.

ನಾಲ್ಕನೆಯ ದಿನ ಬಸದಿಯ ಪುರೋಹಿತರು ಬಂದರು. ಮಲಗಿರುವವರಿಗೆ ಬೇಸರವಾಗುತ್ತದೆ, ಸ್ವಲ್ಪ ಶಾಸ್ತ್ರ ಓದಿ ಹೇಳುತ್ತೇನೆ, ನಾಲ್ಕನೆಯ ದಾನ ನನ್ನದಿರಲಿ ಎಂದರು. ಅತ್ತೆಗೆ ಬಹಳ ಸಂತೋಷವಾಯಿತು. ಪುರೋಹಿತರು ಕಂಬಕ್ಕೆ ಒರಗಿ ಕೂತು, ಜೀವ ಎಷ್ಟು ಬಗೆ, ಕರ್ಮ ಎಷ್ಟು ಬಗೆ ಎಂದು ಒಂದೇ ರಾಗದಲ್ಲಿ ಶುರುಮಾಡಿದರು. ಅರ್ಧ ಗಳಿಗೆಯೊಳಗೆ ಹತ್ತೊಂಬತ್ತು ಜನವೂ ನಿದ್ದೆ ಹೋದರು. ಒಬ್ಬರೂ ಅಲುಗಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ಡಾಕ್ಟರು ಒಳಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ತನ್ನ ಔಷಧದ ಪೆಟ್ಟಿಗೆಯಲ್ಲಿ ಇಂಥದ್ದಿಲ್ಲ ಎಂದು ಹೇಳಿ, ದಿನವೂ ಮಧ್ಯಾಹ್ನ ಬರಲೇಬೇಕೆಂದು ಪುರೋಹಿತರಿಗೆ ಕೈಮುಗಿದರು. ಅವರು ಅದನ್ನು ಪ್ರವಚನಕ್ಕೆ ಸಂದ ಗೌರವವೆಂದೇ ತಿಳಿದರು. ನಾನು ಮರದ ಹತ್ತಿರ ಹೋದೆ.

 ಐದನೆಯ ದಿನ ಮಧ್ಯಾಹ್ನ ಪುರೋಹಿತರು ಇನ್ನೂ ಬಂದಿರಲಿಲ್ಲ. ನಾನು ಸಾಲಿನ ಮಧ್ಯೆ ನಡೆಯುತ್ತಿದ್ದಾಗ ನಶ್ಯದ ವಾಸನೆ ಬಡಿಯಿತು. ನೋಡಿದರೆ ಮೇಷ್ಟ್ರು. ಸೊಂಟದಲ್ಲಿ ಡಬ್ಬಿ ಬಚ್ಚಿಟ್ಟುಕೊಂಡು ಬಂದಿದ್ದಾರೆ, ಒಂದು ಚಿಟಿಕೆ ಏರಿಸಿಯೂ ಆಗಿದೆ. ಬಾಯಿ ಅರ್ಧ ತೆರೆದಿದೆ, ಎದೆ ಮೇಲಕ್ಕೆ ಬರುತ್ತಿದೆ. ಒಂದು ಸೀನು ಬಂದರೆ ಕಣ್ಣು ಹೋಯಿತು. ಮೂಗಿನ ಕೆಳಗೆ, ತುಟಿಯ ಮೇಲೆ ಬಲವಾಗಿ ಒತ್ತಿದರೆ ಸೀನು ನಿಲ್ಲುತ್ತದೆ ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು. ನಾನು ಹಾರಿ ಮಂಡಿಯೂರಿ, ಒಂದು ಕೈಯಿಂದ ಅವರ ಹಣೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಮೂಗಿನ ಕೆಳಗೆ ಒತ್ತಿದೆ. ಪರಗಂಡಸರ ಎದುರು ತಲೆ ಎತ್ತಿ ನಿಲ್ಲದ ಮನೆಯ ಸೊಸೆ ನಾನು. ಅವರು ನಲವತ್ತು ವರ್ಷ ಹುಡುಗರ ಕಿವಿ ಹಿಂಡಿದ ಮೇಷ್ಟ್ರು.

"ನನ್ನ ಮೂಗು ಬಿಡಮ್ಮ" ಎಂದರು ಅವರು, ಮೂಗಿನಲ್ಲೇ.

ಬಿಡಲಿಲ್ಲ. ಸೀನು ಬಂತು, ಹೋಯಿತು, ಮತ್ತೆ ಬಂತು, ಕೊನೆಗೆ ಸೋತು ಹೋಯಿತು.  ಏನಾಯಿತು, ಏನಾಯಿತು ಎಂದು ಅಜ್ಜಿ ಕೇಳಿದಳು. ಐದು ದಿನದಿಂದ ಬಾಯಿ ಬಿಡದೆ ಮಲಗಿದ್ದ ನೇಯ್ಗೆಯ ಮುದುಕ ಆಗ ಮೊದಲ ಸಲ ಮಾತಾಡಿದ.

"ಏನಿಲ್ಲ ಕಣವ್ವ. ಮೇಷ್ಟ್ರಿಗೆ ಮೂಗುದಾರ ಆಕ್ತಾವ್ರೆ."

ಸಾಲಿನ ಉದ್ದಕ್ಕೂ ಕಂಬಳಿಗಳು ಏರತೊಡಗಿದವು, ಇಳಿಯತೊಡಗಿದವು. ಒಂದು ತಲೆಯೂ ಅಲುಗಲಿಲ್ಲ, ಒಂದು ಬಾಯಿಯೂ ತೆರೆಯಲಿಲ್ಲ. ಹತ್ತೊಂಬತ್ತು ಹೊಟ್ಟೆಗಳು ಮಾತ್ರ ಕುಣಿಯುತ್ತಿದ್ದವು, ಮೇಷ್ಟ್ರದೂ ಸೇರಿ. ಆ ಹೊತ್ತಿಗೇ ಡಾಕ್ಟರು ಬಂದರು. ಮೊದಲು ಬೈದರು, ಎಲ್ಲರ ಕಟ್ಟನ್ನೂ ಒಂದೊಂದಾಗಿ ಮುಟ್ಟಿ ನೋಡಿದರು, ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗಿದರು.  ನಗು ಕತ್ತಿನಿಂದ ಮೇಲಕ್ಕೆ ಬರಕೂಡದು, ಬಂದರೆ ಜವಾಬ್ದಾರಿ ನಿನ್ನದು ಎಂದರು. ಅಷ್ಟು ಹೇಳಿ ಅವರೇ ಹಿತ್ತಲಿನ ಕಡೆ ಹೋದರು. ಅವರಿಗೆ ಮರದ ವಿಷಯ ಯಾರು ಹೇಳಿದರೋ.

ಆ ದಿನದಿಂದ ಮೇಷ್ಟ್ರೂ ನೇಯ್ಗೆಯ ಮುದುಕನೂ ಮಾತು ನಿಲ್ಲಿಸಲಿಲ್ಲ. ಹೇಮಾವತಿ ಒಂದು ಸಲ ಹೇಗೆ ಏರಿ ಬಂದಿತ್ತು, ಯಾವ ಅಂಗಡಿಯ ನೂಲು ಗಟ್ಟಿ ಎಂದು, ಚಾವಣಿಯ ಕಡೆ ಮುಖ ಮಾಡಿಕೊಂಡು ಇಬ್ಬರೂ ಪಿಸುಗುಟ್ಟುತ್ತಿದ್ದರು. ಯಾರ ಕುಲ ಯಾವುದೆಂದು ಮೇಷ್ಟ್ರು ಮತ್ತೆ ಕೇಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಅರೆಗತ್ತಲೆ ಮಾಡಿ, ಕಟ್ಟು ಬಿಚ್ಚಿದರು. ಪೊರೆ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕು. ಬೆಂಗಳೂರಿಗೆ ಬರೆದಿದ್ದರೂ ಯುದ್ಧದ ದೆಸೆಯಿಂದ ಗಾಜು ಬಂದಿರಲಿಲ್ಲ. ಡಾಕ್ಟರ ಹತ್ತಿರ ಇದ್ದದ್ದು ಒಂದೇ ಒಂದು ಕನ್ನಡಕ. ಅದನ್ನೇ ಒಬ್ಬರ ಮೂಗಿನಿಂದ ತೆಗೆದು ಇನ್ನೊಬ್ಬರ ಮೂಗಿಗೆ ಏರಿಸಬೇಕು.

ಮೊದಲು ಅಜ್ಜಿ. ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು.

"ಮೂರು ಬೆಳ್ಳು" ಎಂದಳು ಅಜ್ಜಿ. ಆಮೇಲೆ, "ಉಗುರು ತಕ್ಕಬಾರ್ದಾ ಡಾಕ್ಟ್ರಪ್ಪ?"

ನಾನು ಮುಂದೆ ಬಂದೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆರು ವರ್ಷದಿಂದ ಮನುಷ್ಯರ ಮುಖ ನೋಡಿರದ ಕಣ್ಣು. ಓಡಿಹೋಗುತ್ತಿದ್ದವಳು ನೀನೇನಾ, ಹೆಜ್ಜೆ ಸಪ್ಪಳ ಕೇಳಿ ಭಾರೀ ಹೆಂಗಸು ಅಂದುಕೊಂಡಿದ್ದೆ, ನೋಡಿದರೆ ಹಂಚಿಕಡ್ಡಿ ಹಾಗಿದ್ದೀಯಲ್ಲ ಎಂದಳು. ಹೇಳುತ್ತ ಹೇಳುತ್ತ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು, ಕಂಡದ್ದು ನಿಜವೋ ಎಂದು ನೋಡುವ ಹಾಗೆ.

ಕನ್ನಡಕ ಮುಂದೆ ಹೋಯಿತು. ಒಬ್ಬ ಗೌಡರು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಒಬ್ಬಾಕೆ ಮಗನನ್ನು ನೋಡಿ, ನಿನ್ನ ತಲೆ ಯಾವಾಗ ನೆರೆಯಿತೋ ಎಂದು ಬೆಚ್ಚಿದಳು. ಮೇಷ್ಟ್ರು ಗೋಡೆಯ ರಟ್ಟನ್ನು ಓದಿ, "ಯಾರೂ" ಎಂಬಲ್ಲಿ ದೀರ್ಘ ಬಿಟ್ಟಿದ್ದೀಯಲ್ಲಮ್ಮ ಎಂದು ನನಗೆ ತಪ್ಪು ತೋರಿಸಿದರು. ನಿಜ, ಬಿಟ್ಟಿದ್ದೆ.

ಆಮೇಲೆ ನೇಯ್ಗೆಯ ಮುದುಕ. ಡಾಕ್ಟರು ಬೆರಳು ತೋರಿಸಿದರು. ಅವನು ಸುಮ್ಮನಿದ್ದ. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಗಾಯ ಚೆನ್ನಾಗಿ ಕೂಡಿದೆ, ಕಣ್ಣಿನ ಹಿಂದಿನ ನರ ಮಾತ್ರ ಮೊದಲೇ ಸತ್ತಿದೆ ಎಂದು ಮೆತ್ತಗೆ ಹೇಳಿದರು. ಹೀಗಾಗಬಹುದೆಂದು ಅವನಿಗೆ ಮುಂಚೆಯೇ ಹೇಳಿದ್ದರಂತೆ, ಆದರೂ ಒಂದು ಸಲ ನೋಡಿ ಎಂದು ಅವನೇ ಕೇಳಿಕೊಂಡಿದ್ದನಂತೆ. ಒರಟು ಮಾತಿನ ಆ ಮನುಷ್ಯ ಅಷ್ಟು ಮೆತ್ತಗೆ ಮಾತಾಡಬಲ್ಲರೆಂದು ನನಗೆ ತಿಳಿದಿರಲಿಲ್ಲ.

ಅತ್ತೆ ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಎಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ. ಛತ್ರದಲ್ಲಿ ಒಂದು ಸದ್ದಿಲ್ಲ. ಆ ಮೌನ ಅವನಿಗೇ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. ಡಾಕ್ಟರ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿದ.

"ಇನ್ ನಗಬೌದಾ ಸಾ ಇವ್ರೆಲ್ಲ?"

ನಗಬಹುದು ಎಂದರು ಡಾಕ್ಟರು.

"ಮತ್ತೆ ನಗ್ರಪ್ಪ. ಯಾಕಂಗೆ ಸತ್ತೋರ್ ಮನೇಲಿ ಕುಂತಂಗ್ ಕುಂತಿದೀರಿ?"

ಮೊದಲು ನಕ್ಕವರು ಮೇಷ್ಟ್ರು. ನಗುತ್ತ ನಗುತ್ತ ನಾಲ್ಕು ದಿನದಿಂದ ತಡೆದಿಟ್ಟಿದ್ದ ಸೀನು ಸೀನಿದರು. ಆಮೇಲೆ ಯಾರು ಯಾರನ್ನು ತಡೆಯುವುದು. ಅಜ್ಜಿಯೊಬ್ಬಳನ್ನು ಬಿಟ್ಟು ಛತ್ರಕ್ಕೆ ಛತ್ರವೇ ನಕ್ಕಿತು. ನರ್ಸಮ್ಮ ಗೋಡೆ ಹಿಡಿದುಕೊಂಡರು. ಅತ್ತೆ ಆ ಮುದುಕನ ಕೈ ಬಿಡದೆಯೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ, ನಾನು ಯಾವುದನ್ನು ಮಾಡುತ್ತಿದ್ದೆನೆಂದೂ ತಿಳಿಯಲಿಲ್ಲ.

ಹೊರಡುವಾಗ ಮೇಷ್ಟ್ರು ಅವನನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಗಾಡಿ ಹೊಡೆಯುವವನು ಒಂದು ಮಾತು ಗೊಣಗಿದ್ದಕ್ಕೆ, ಬೇಕಾದರೆ ನೀನು ಇಳಿದು ನಡೆ ಎಂದರಂತೆ. ಆ ಮುದುಕನಿಗೆ ಏನು ಬೇಕೆಂದು ಅತ್ತೆ ಕೇಳಿದಾಗ ಅವನು ನೂಲು ಕೇಳಿದ್ದ. ಮಗ ಮಗ್ಗದಲ್ಲಿ ಕೂರುತ್ತಾನೆ, ಲಾಳಿಯ ಕಂಡಿಕೆಗೆ ನೂಲು ಸುತ್ತುವುದಕ್ಕೆ ಕಣ್ಣು ಬೇಡ ಎಂದು. ನೂಲು ಸಿಗದ ಆ ಕಾಲದಲ್ಲಿ ಅತ್ತೆ ಊರೂರು ಹೇಳಿ ಕಳಿಸಿ ಕೂಡಿಸಿಕೊಟ್ಟರು. ಉದ್ಯಾಪನೆ ಮುಗಿಯಿತೆಂದು ಪುರೋಹಿತರೇ ಬಸದಿಯಲ್ಲಿ ಹೇಳಿದರು. ಬಾಗೂರಿನ ನಂಟರು ಹೊಸ ಸೀರೆಗಳನ್ನು ಬೇರೆ ಮದುವೆಗೆ ಉಟ್ಟರು.

ಎರಡು ತಿಂಗಳಾದ ಮೇಲೆ ಬೆಂಗಳೂರಿನಿಂದ ಕನ್ನಡಕಗಳ ಪೆಟ್ಟಿಗೆ ಬಂತು. ದೂರದವರಿಗೆ ನಾವೇ ಕೊಟ್ಟು ಬರೋಣವೆಂದು ಅತ್ತೆಯೂ ನಾನೂ ಹೊರಟೆವು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ದಿನಗಳು. ಹೊಳೆನರಸೀಪುರ ದಾಟಿ ಅರಕಲಗೂಡಿನ ದಾರಿಯಲ್ಲಿ ಒಂದು ಏರು ಬಂದಾಗ ಬಸ್ಸು ಉಬ್ಬಸ ಬಂದವರ ಹಾಗೆ ನಿಂತುಬಿಟ್ಟಿತು. ಗಂಡಸರೆಲ್ಲ ಇಳಿದು ತಳ್ಳಿ ಎಂದು ಕಂಡಕ್ಟರು ಕೂಗಿದ. ಬಸ್ಸಿನಲ್ಲಿದ್ದ ಗಂಡಸರು ನಾಲ್ಕೇ ಜನ. ಅತ್ತೆ ಪೆಟ್ಟಿಗೆಯನ್ನು ಸೀಟಿನ ಮೇಲೆ ಭದ್ರವಾಗಿಟ್ಟು, ಸೆರಗು ಬಿಗಿದು, ಇಳಿದರು. ನಾನೂ ಇಳಿದೆ. ಹನ್ನೆರಡು ವರ್ಷ ನೋಂಪಿ ನಡೆಸಿದ ಕೈಗಳನ್ನು ಬಸ್ಸಿನ ಬೆನ್ನಿಗೆ ಕೊಟ್ಟು ತಳ್ಳಿದರು. ಬಸ್ಸು ಒಮ್ಮೆ ಕೆಮ್ಮಿ, ಇದ್ದಿಲ ಹೊಗೆಯನ್ನೆಲ್ಲ ನಮ್ಮ ಮೇಲೆ ಉಗುಳಿ, ಮುಂದಕ್ಕೆ ಹಾರಿತು. ಅತ್ತೆಯ ಬಿಳಿ ಸೀರೆ, ಮುಖ ಎಲ್ಲ ಕರ್ರಗಾಯಿತು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿದರು. ನನ್ನದೂ ಹಾಗೇ ಆಗಿತ್ತೆಂದು ಕಾಣುತ್ತದೆ. ರಸ್ತೆಯ ಮಧ್ಯೆ ಕೂತು, ಹೊಟ್ಟೆ ಹಿಡಿದುಕೊಂಡು, ಊರಿಗೆ ಕೇಳುವಂತೆ ನಕ್ಕರು. ಅಷ್ಟು ವರ್ಷದಲ್ಲಿ ಅವರು ದನಿಯೆತ್ತಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಜ್ಜಿಯ ಊರು ಸೇರುವಷ್ಟರಲ್ಲಿ ಇಳಿಬಿಸಿಲು. ಕನ್ನಡಕ ಏರಿಸಿದ ಅಜ್ಜಿ ನಮ್ಮನ್ನು ಕೂರಿ ಎನ್ನುವ ಮೊದಲೇ ಮನೆಯೊಳಗೆ ಹೊಕ್ಕಳು. ಒಲೆಯ ಮೂಲೆ, ಅಟ್ಟ, ಪಾತ್ರೆಯ ತಳ, ಒಂದೊಂದಾಗಿ ನೋಡುತ್ತ, ಆರು ವರ್ಷದ ಧೂಳಿಗೆಲ್ಲ ಒಂದೊಂದು ಮಾತು ಹೇಳುತ್ತ ಹೋದಳು. ಅವಳ ಸೊಸೆ ನಮಗೆ ಬೆಲ್ಲ, ಕೊಬ್ಬರಿ, ನೀರು ತಂದಿಟ್ಟು, ಅತ್ತೆಯ ಕಾಲಿಗೆ ಬಿದ್ದು ಎದ್ದು, ದನಿ ತಗ್ಗಿಸಿ ಹೇಳಿದಳು.

"ಒಳ್ಳೇದ್ ಮಾಡಿದ್ರಿ ಕಣವ್ವ. ಆದ್ರೆ ಬರೋ ವಾರ ಬಂದಿದ್ರೆ ಆಗ್ತಿತ್ತು, ಅಷ್ಟೊತ್ಗೆ ನಾನು ಅಟ್ಟ ಗುಡಿಸ್ಬುಡ್ತಿದ್ದೆ."